ಬಾನಿಗೆ ಕಣ್ಣು ಬಂದ ದಿನ

ನಿನ್ನೆ ಸಂಜೆ, ಗುಡುಗಿಗೆ ಮುಂಚಿನ ಅರ್ಧ ತಾಸು
ಮೂಡಗಾಳಿ ತಟ್ಟನೆ ನಿಂತು
ತುಮರಿ ಕಡೆಯ ಗುಡ್ಡ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.
ಬಾಳೆಮೀನು ಗಾಳಕ್ಕೆ ಬಿತ್ತು ಅನ್ನಬಾರದು,
ಸಾಲ ವಸೂಲಿಗೆ ಬಂದ ಹಾಗೆ ಬಂತು.
ಏಳು. ಒಂದಂತೂ ಹುಟ್ಟಿನಷ್ಟು ಉದ್ದ.

ರಾತ್ರಿಯೆಲ್ಲ ಚಿತ್ತೆ ಮಳೆ ಹೊಯ್ದು
ಬೆಳಗ್ಗೆ, ಒರೆಸಿಟ್ಟ ಸ್ಟೀಲು ತಟ್ಟೆ ಆಕಾಶ.
ಲಾಂಚಿನಲ್ಲಿ ಬಂದವರು ಮೊಬೈಲೆತ್ತಿ
"ಎಂಥಾ ಹವಾ ಮಾರಾಯ್ರೇ!" ಅಂದರು.

ಕೆರಿಯಪ್ಪ ಬೀಡಿಯ ತುದಿ ಕಚ್ಚಿ ಉಗುಳಿದ:
"ಬಾನಿಗೆ ಕಣ್ಣು ಬಂದರೆ
ಮೀನಿಗೆ ಬಾಯಿ ಹೋಯ್ತು."

ಆದರೂ ಬಿಟ್ಟೆವು
ಆಳಕ್ಕೆ, ಇನ್ನೂ ಎರಡು ಮಾರು ಆಳಕ್ಕೆ,
ಮುಳುಗಿದ ಮತ್ತಿಮರದ ಕೊಂಬೆ ಸಂದಿಗೆ.
ಅಲ್ಲೆಲ್ಲೋ ಹಳೆ ಗಾಡಿದಾರಿಯ ತಿರುವಿನಲ್ಲಿ
ನಿಂತಿವೆ, ಎಲ್ಲವೂ, ಒಂದೇ ಕಡೆ ಮುಖ ಮಾಡಿ.
ಬೆಂಡು ಅಲುಗಲಿಲ್ಲ.
ಬೆನ್ನು ಸುಟ್ಟಿತು.
ಎರಡು ಗಾಳ ಮರವೇ ಇಟ್ಟುಕೊಂಡಿತು.

ಮಧ್ಯಾಹ್ನ ತಿರುಗಿದ ಮೇಲೆ
ಪಡುವಣಕ್ಕೆ ಅಂಗೈಯಗಲ ಮೋಡ.
ಕೆರಿಯಪ್ಪ ನೋಡಿದ, ಏನೂ ಹೇಳಲಿಲ್ಲ.
ನಾನೂ ಕೇಳಲಿಲ್ಲ;
ಡಬ್ಬಿಯಲ್ಲಿ ಉಳಿದ ಎರೆಹುಳುಗಳ ಮೇಲೆ
ಇನ್ನೊಂದು ಹಿಡಿ ಒದ್ದೆ ಮಣ್ಣು ಎಳೆದೆ.