ಮೂರನೇ ಪಾಳಿ

ಹಟ್ಟಿಯ ಸೈರನ್ನು ಮೂರನೇ ಪಾಳಿಗೆ ಕೂಗಿದರೆ
ನನಗದು ಶಾಲೆಯ ಗಂಟೆ.
ಸಲೈನು ಬದಲಿಸಿ, ಚಾರ್ಟು ತುಂಬಿಸಿ,
ಔಷಧಿ ಟ್ರಾಲಿಯ ಮೇಲೇ ಬಿಚ್ಚುತ್ತೇನೆ
ಅಂಚೆಯಲ್ಲಿ ಬಂದ ಪುಸ್ತಕ.

ಇಪ್ಪತ್ತಾರು ವರ್ಷ ಬರೀ ಅಂಕಿ ಬರೆದ ಕೈ ಇದು:
ನಾಡಿ ಎಂಬತ್ತೆಂಟು, ಜ್ವರ ನೂರಾ ಒಂದು.
ಈಗ ವಾಕ್ಯ ಕೇಳುತ್ತಾರೆ,
ಹದಿನೈದು ಅಂಕಕ್ಕೆ ಎರಡೂವರೆ ಪುಟ.
ಕರ್ತೃ ಸಿಕ್ಕರೆ ಕ್ರಿಯಾಪದ ಓಡಿಹೋಗುತ್ತದೆ
ಸೂಜಿ ಕಂಡ ಹುಡುಗನ ಹಾಗೆ.

ಏಳನೇ ಬೆಡ್ಡಿನ ತಿಪ್ಪಯ್ಯನಿಗೆ ಮಲಗಿದರೆ ದಮ್ಮು,
ದಿಂಬಿಗೊರಗಿ ಕೂತೇ ಬೆಳಗು ಮಾಡುತ್ತಾನೆ.
"ಏನ್ ಓದಾಕತ್ತೀರಿ ಎಸ್ತರಮ್ಮ, ಜೋರಾಗಿ ಓದ್ರಿ,
ನನಗೂ ಹೊತ್ತು ಹೋಗ್ತದ."
ಕನ್ನಡ ಮಾಡುತ್ತಾ ಓದಿದೆ:
ಕಲ್ಲಿನ ದೂಳು, ಶ್ವಾಸಕೋಶದ ಗಂಟು.
ಗುಣವಾಗದು ಎಂಬ ಸಾಲು ಹಾರಿಸಿದೆ.
ಹೆಸರು ಮಾತ್ರ ಕನ್ನಡವಾಗಲಿಲ್ಲ: ಸಿಲಿಕೋಸಿಸ್.
ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ,
"ನಮ್ಮ ದೂಳಿಗೆ ಇಷ್ಟು ಚಂದದ ಹೆಸರೇನ್ರಿ!
ಮಮ್ಮಗಳಿಗೆ ಇಡಬೌದು" ಎಂದು ನಕ್ಕ.
ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ
ಬೆನ್ನು ನೀವುತ್ತಾ ಕೂತೆ.
ಆ ರಾತ್ರಿ ಮುಂದಿನ ಪುಟ ತಿರುವಲಿಲ್ಲ.

ರಾಯಚೂರಿನ ಪರೀಕ್ಷೆ ಕೋಣೆಯಲ್ಲಿ
ಮಗಳ ವಯಸ್ಸಿನವಳು ಹಾಲ್ ಟಿಕೆಟ್ ನೋಡಿ
"ನೀವೇ ಬರೀತೀರಾ ಆಂಟಿ?" ಅಂದಳು.
ನಾನೇ. ಐವತ್ತೆರಡು ನನಗೆ.

ಪ್ರಶ್ನೆ ಬಂತು: ರೋಗಿಯೊಡನೆ ಮಾತಾಡುವ ಹಂತಗಳನ್ನು ವಿವರಿಸಿ.
ಪುಸ್ತಕದಲ್ಲಿ ಆರಿದ್ದವು.
ನೆನಪಿಗೆ ಬಂದದ್ದು ಒಂದು ಬೆನ್ನು.

ಪಾಸು. ಎಲ್ಲದರಲ್ಲೂ ಅರವತ್ತರ ಮೇಲೆ,
ಅದೊಂದರಲ್ಲಿ ಮಾತ್ರ ಅಂಚಿನ ಐವತ್ತು.
ನಗು ಬಂತು. ಏಪ್ರನ್ ಹಾಕಿಕೊಂಡೆ.
ಏಳನೇ ಬೆಡ್ಡಿನಲ್ಲಿ ಈಗ ಬೇರೆ ಯಾರೋ,
ಅವನಿಗೂ ಮಲಗಿದರೆ ದಮ್ಮು.