ಹಾಸಿಗೆ ಬೆಳೆದ ಮೇಲೆ

ತಪ್ಪು ಸದ್ದು ಮಾಡಲಿಲ್ಲ.
ಲಿಯೆಪಾಯದ ಬಂದರು ಕಚೇರಿಯಲ್ಲಿ, ಫೆಬ್ರವರಿಯ ಒಂದು ಬೆಳಗ್ಗೆ,
ಸಮುದ್ರಮಟ್ಟದ ಕಡತ ತೆರೆದರೆ
ನೂರಾ ನಾಲ್ಕು, ನೂರಾ ಆರು, ನೂರಾ ಒಂಬತ್ತು ಸೆಂಟಿಮೀಟರು,
ಆಮೇಲೆ ಇದ್ದಕ್ಕಿದ್ದಂತೆ
ಎರಡು ಚೀಲ ಆಲೂಗಡ್ಡೆ, ಉಪ್ಪು ಹಾಕಿದ ಹೆರಿಂಗ್, ಬತ್ತಿ, ಸೋಪು,
ಯಾವುದೋ ದೋಣಿಯ ಅಡುಗೆಯವನ ಪಟ್ಟಿ,
ನಾಲ್ಕು ಸಾವಿರದ ತೊಂಬತ್ತಾರು ಬೈಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ಮತ್ತೆ ಕಡಲು.

ಡಿಸ್ಕ್ ಸತ್ತಿದೆ ಅಂದ ಇಲ್ಗ್ವಾರ್ಸ್. ಬದಲಿಸಿದೆವು.
ಕೇಬಲ್ ಅಂದ. ಅದೂ ಆಯಿತು.
ನಿಯಂತ್ರಕದ ಹಸಿರು ಹಲಗೆ ಕಳಚಿ
ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಕಚ್ಚಿಸಿದೆ.
ನನಗಿಂತ ಆರೇಳು ವರ್ಷ ಚಿಕ್ಕದು;
ಯಂತ್ರಗಳ ಲೆಕ್ಕದಲ್ಲಿ ಮುತ್ತಜ್ಜ.
ಎಷ್ಟು ಸಲ ಕೇಳಿದರೂ ಒಂದೇ ಉತ್ತರ: ಮುಗಿಯಿತು, ದೋಷವಿಲ್ಲ.
ಸುಳ್ಳಲ್ಲ. ಅದು ಹೋಗಿದ್ದ ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು.

ಹಗಲೆಲ್ಲ ನೆಟ್ಟಗೆ ನಡೆಯುವುದು.
ರಾತ್ರಿ, ನಕಲು ತೆಗೆವ ಹೊತ್ತಿಗೆ,
ಮೆಮೊರಿ ತುಂಬಿ ಕಂಠಮಟ್ಟ ಬಂದಾಗ ಮಾತ್ರ ಎಡವುವುದು.
ಕುರ್ಚಿಯಲ್ಲೇ ತೂಕಡಿಸುತ್ತ ಕಾದೆ:
ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ,
ತಪ್ಪಿಸಿಕೊಂಡ ಪುಟ ಎಲ್ಲೋ ಒಂದು ಕಡೆ ಇರಲೇಬೇಕು.

ಸ್ಕಾಯ್ದ್ರೀತೆ ಕಸ ಗುಡಿಸುತ್ತ ಬಂದು ಲಿಂಡನ್ ಹೂವಿನ ಚಹಾ ಇಟ್ಟಳು.
ಮೂವತ್ತು ವರ್ಷ ಅಂಚೆ ಹಂಚಿದವಳು.
ಬೀದಿಗಳ ಹೆಸರು ಬದಲಾದ ವರ್ಷ, ಅಂದಳು,
ಗೋಡೆಯ ಮೇಲೆ ಹೊಸದು, ಕಾಗದದ ಮೇಲೆ ಹಳೆಯದು;
ಸೇನಾಪತಿಯ ಬೀದಿ ರಾತ್ರೋರಾತ್ರಿ ಸೇಬಿನ ಬೀದಿಯಾಗಿತ್ತು.
ಬ್ರೆಡ್ ಅಂಗಡಿಯ ಕಟ್ಟೆಯ ಮೇಲೆ ಚೀಲ ಸುರಿದು
ಎಲ್ಲ ಜೋಡಿಸಿಕೊಂಡು ಆಮೇಲೆ ಹೊರಡುತ್ತಿದ್ದೆ.
ಕತೆಯಲ್ಲಾದರೆ ನನಗೆ ಆಗಲೇ ಹೊಳೆಯಬೇಕಿತ್ತು.
ಹೊಳೆಯಲಿಲ್ಲ. ಚಹಾ ಕುಡಿದೆ, ಆರಿಹೋಗಿತ್ತು.

ಹೊಳೆದದ್ದು ಅಂಕಿಗಳಿಂದ, ಗುರುವಾರ, ಬೆಳಗಿನ ನಾಲ್ಕಕ್ಕೆ.
ಹೋಗಬೇಕಿದ್ದ ವಿಳಾಸ, ಹೋದ ವಿಳಾಸ,
ಒಂದರ ಕೆಳಗೊಂದು ಬರೆದೆ:
ಬಲಗಡೆಯ ಎಂಟು ಅಂಕಿಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.
ಎಡತುದಿಗೆ, ಮೇಲಿನದರಲ್ಲಿ ಮಾತ್ರ,
ಒಂಟಿ ಒಂದು.

ಎಂಟೇ ಖಾನೆಗಳ ನಿಯಂತ್ರಕ.
ಒಂಬತ್ತನೆಯ ಅಂಕಿ ಅಂಗೈಯಿಂದ ಜಾರಿದ್ದು ಅದಕ್ಕೇ ತಿಳಿಯದು.
ನಾಲ್ಕು ಗಿಗಾಬೈಟಿನಾಚೆ ಊರಿದೆ ಎಂದೂ ತಿಳಿಯದು.
ಕಳೆದ ಶರತ್ಕಾಲ, ಆಸ್ಪತ್ರೆಯವರು ಬೇಡವೆಂದ ಮೆಮೊರಿ ಕಡ್ಡಿಗಳನ್ನು
ಉಡುಗೊರೆಯೆಂದು ತಂದು ಸಿಕ್ಕಿಸಿದವರು ನಾವೇ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಬೆಳೆದದ್ದು ಹಾಸಿಗೆ.
ಕಾಲಲ್ಲ.

ಡ್ರೈವರಿನಲ್ಲೊಂದು ಸಾಲು, ಯಾವುದೋ ಹೊಸ ಹಲಗೆಯದರಿಂದ ಎತ್ತಿದ್ದು,
ಈ ಮುದುಕನ ಪರವಾಗಿ ಆಣೆಯಿಟ್ಟಿತ್ತು:
ಅರವತ್ತನಾಲ್ಕು ಬಿಟ್ಟಿನ ದೂರ ಇವನ ಕೈ ಎಟಕುತ್ತದೆ.
ಅಳಿಸಿ ಮೂವತ್ತೆರಡು ಎಂದು ಬರೆದೆ.
ಅಷ್ಟೇ.
ಈಗ ದೂರದ ಪುಟಗಳನ್ನು ಯಾರೋ ಹೊತ್ತು ತಂದು
ಕೆಳಗಿನ ಕಟ್ಟೆಯ ಮೇಲೆ ಇಡುತ್ತಾರೆ, ಅವನು ಅಲ್ಲಿಂದ ಎತ್ತಿಕೊಳ್ಳುತ್ತಾನೆ.
ಸ್ವಲ್ಪ ನಿಧಾನ. ಬ್ರೆಡ್ಡಿನ ವಾಸನೆಯಿಲ್ಲ.

ಮೂರು ರಾತ್ರಿ ಮೆಮೊರಿ ತುಂಬಿಸಿ ಓಡಿಸಿದೆವು; ಮೊತ್ತಗಳು ತಾಳೆಯಾದವು.
ಇಲ್ಗ್ವಾರ್ಸ್ ಸ್ಪ್ರಾಟ್ ಮೀನಿನ ಡಬ್ಬಿ ತೆರೆದ.

ಆದರೆ ಫೆಬ್ರವರಿ ಹನ್ನೊಂದರ ರಾತ್ರಿ, ಎರಡರಿಂದ ಮೂರೂಕಾಲಿನ ತನಕ
ಕಡಲು ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ.
ಆಲೂಗಡ್ಡೆ ಅಳಿಸಿ ಖಾಲಿ ಬಿಟ್ಟೆ.
ಅವತ್ತು ಗಾಳಿಯಿತ್ತು, ಅಂದಳು ಸ್ಕಾಯ್ದ್ರೀತೆ ಬಕೆಟ್ ಎತ್ತುತ್ತ,
ನೀರು ಮೂರನೆಯ ಮೆಟ್ಟಿಲಿಗೆ ಬಂದಿತ್ತು.
ಸೆಂಟಿಮೀಟರಿನಲ್ಲಿ ಹೇಳಲು ಅವಳಿಗೆ ಬಾರದು.
ಕಡತದಲ್ಲಿ ಮೆಟ್ಟಿಲಿಗೆ ಖಾನೆಯಿಲ್ಲ.