ಲಿಫ್ಟಿನಲ್ಲಿ ಪ್ರಸ್ತಾರ

ಎಂಟು ಜನಕ್ಕೆ ಮಾತ್ರ, ಅಂತ ಬರೆದಿದೆ ಲಿಫ್ಟಿನೊಳಗೆ.
ನಾಲ್ಕನೇ ಮಾಳಿಗೆಯ ಹೆಸರಿನಲ್ಲೇ ಒಂಬತ್ತು ಜನ:
ಓ ಟೋ ರೈ ನೋ ಲ್ಯಾ ರಿಂ ಗಾ ಲ ಜಿ.
ಮೊದಮೊದಲು ಯಾರಾದರೊಬ್ಬರು ಹೊರಗೇ ಉಳಿಯುತ್ತಿದ್ದರು,
ಹೆಚ್ಚಾಗಿ ಆ ರಿಂ.

ಕಟಪಾಡಿ ಶಾಲೆಯಲ್ಲಿ ಸಂಜೀವ ಮಾಸ್ಟ್ರು ಕಲಿಸಿದ್ದು,
ಗುರುವಿಗೆ ಅಡ್ಡಗೆರೆ, ಲಘುವಿಗೆ ಬಟ್ಟಲು.
ಒಂಬತ್ತರಲ್ಲಿ ಫೇಲಾದವನ ತಲೆಯಲ್ಲಿ
ಉಳಿದದ್ದು ಅದೊಂದೇ.
ಔಷಧಿ ಚೀಟಿಯ ಬೆನ್ನಿಗೆ ಹಾಕಿ ನೋಡಿದೆ:
ಏಳು ಗುರು, ಕೊನೆಗೆರಡು ಲಘು,
ಒಟ್ಟು ಹದಿನಾರು ಮಾತ್ರೆ.
ಡೋಸ್ ಜಾಸ್ತಿಯಾಯ್ತು, ಅಂದರು ಸಿಸ್ಟರ್ ಜೆಸಿಂತಾ.

ಎಲ್ಲದಕ್ಕೂ ಒಂದೇ ಭಾರ ಹಾಕಬೇಡ ಸೇಸಪ್ಪ,
ಆ ಗಾ ಉಂಟಲ್ಲ, ಅದನ್ನು ಮಾತ್ರ ಎತ್ತು,
ಉಳಿದದ್ದು ಅರ್ಧ ನುಂಗು.

ಅಂದರೆ ಪಂಕ್ತಿಭೇದ.
ನನ್ನ ನಾಲಗೆಗೆ ಬಡಿಸಿ ಅಭ್ಯಾಸ,
ಎಲೆ ಎಲೆಗೂ ಒಂದೊಂದು ಸೌಟು.
ಇಲ್ಲಿ ಏಳನೇ ಎಲೆಗೆ ಹೋಳಿಗೆ, ತುಪ್ಪ,
ಪಕ್ಕದ ಲ ಬಾಯಾರಿ ಕೂತಿದೆ.
ನನ್ನ ಅಜ್ಜ ಇಂಥ ಊಟಗಳಿಗೆ
ಅಂಗಳದಲ್ಲಿ ಕಾದು ನಿಂತವನು.
ಯಾರಿಲ್ಲದ ಹೊತ್ತು, ಖಾಲಿ ಲಿಫ್ಟಿನಲ್ಲಿ,
ಒಂಬತ್ತಕ್ಕೂ ಹೊಟ್ಟೆ ತುಂಬ ಬಡಿಸಿಬಿಡುತ್ತೇನೆ.

ಕಲಿತದ್ದು ದಂಡ ಅಂತಲೂ ಅನ್ನಬಹುದು.
ಆ ಹೆಸರು ಕೇಳಿಕೊಂಡು ಯಾರೂ ಬರುವುದಿಲ್ಲ.
ಕಿವಿ ಹಿಡಿದುಕೊಂಡು ಬರುತ್ತಾರೆ,
ಗಂಟಲು ಮುಟ್ಟಿ ತೋರಿಸುತ್ತಾರೆ,
ಕೆಬಿತ ಡಾಕ್ಟ್ರ್ ಓಲು?
ನಾಲ್ಕು ಒತ್ತುತ್ತೇನೆ.

ಮೊನ್ನೆ ಮುತ್ತಕ್ಕ ಬಂದಿದ್ದಳು, ಮಲ್ಪೆಯವಳು,
ನಮ್ಮ ಓಣಿಗೆ ಬಂಗುಡೆ ತರುವವಳು.
ತಲೆಯ ಮೇಲೆ ಬುಟ್ಟಿ ಇಲ್ಲದೆ ಮೊದಲು ಗುರುತೇ ಸಿಗಲಿಲ್ಲ.
ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟಳು.
ನಾಲ್ಕೇ ಅಕ್ಷರ. ಎರಡು ಗುರು, ಎರಡು ಲಘು.
ಭಾರ ಎರಡನೆಯದರ ಮೇಲೆ,
ಸಿಸ್ಟರ್ ಹೇಳಿದ್ದು ನೆನಪಿತ್ತು.
ಆಂಕಾಲಜಿ, ಅಂದೆ, ಎಲ್ಲಿಯೂ ಭಾರ ಹಾಕದೆ.

ಅಂಕೋಲದವರಾ ಡಾಕ್ಟ್ರು?

ಲಿಫ್ಟು ಎರಡು ದಾಟಿತು, ಮೂರು ದಾಟಿತು.
ಹೌದು ಮುತ್ತಕ್ಕ.

ಅಷ್ಟು ದೂರದಿಂದ ಬರುವುದಾ, ಪಾಪ,
ಎಂದು ಬೆರಳು ಮಡಚತೊಡಗಿದಳು,
ಕುಂದಾಪುರ, ಬೈಂದೂರು, ಭಟ್ಕಳ,
ಒಂದು ಊರನ್ನೂ ನುಂಗದೆ.
ಆರನೇ ಮಾಳಿಗೆಯಲ್ಲಿ ಬಾಗಿಲು ತೆರೆಯಿತು.
ಅವಳಿನ್ನೂ ಹೊನ್ನಾವರದಲ್ಲಿದ್ದಳು.
ಗುಂಡಿ ಒತ್ತಿ ಹಿಡಿದೆ,
ಕುಮಟಾ ದಾಟಲಿ ಅಂತ.